ಎರಡು ವರ್ಷದ ಹೆಣ್ಣಿಲಿಗಳು ದತ್ತು ಬಂದಿವೆ: ಉಸಿರಿನ ಸದ್ದು, ಕಂಕುಳ ಗಂಟು, ಸೋತ ಹಿಂಗಾಲು. ಯಾವುದು ಮೊದಲು?

ಬಿಳಿಬಾಲ (ಮೈಸೂರು):

ಊರು ಬಿಡುತ್ತಿದ್ದ ಕುಟುಂಬವೊಂದರಿಂದ ಎರಡು ಹೆಣ್ಣಿಲಿಗಳನ್ನು ದತ್ತು ತಗೊಂಡಿದ್ದೇವೆ. ಅಕ್ಕತಂಗಿಯರು, ವಯಸ್ಸು ಸುಮಾರು 23 ತಿಂಗಳು ಅಂತ ಹೇಳಿದ್ದಾರೆ. ಹಳೆಯ ಡಾಕ್ಟರ್ ಚೀಟಿ ಯಾವುದೂ ಇಲ್ಲ.

ಕರಿತಲೆ: 255 ಗ್ರಾಂ. ಉಸಿರಾಡುವಾಗ ಕಿರ್ ಕಿರ್ ಸದ್ದು, ಆಗಾಗ ಸಾಲು ಸೀನು, ಎಡಗಣ್ಣಿನ ಸುತ್ತ ಮತ್ತು ಮೂಗಿನ ತುದಿಯಲ್ಲಿ ಕೆಂಪು ಅಂಟು. ಮೆತ್ತಗಿದ್ದರೆ ತಿನ್ನುತ್ತಾಳೆ, ಗಟ್ಟಿ ಕಾಳು ಬಿಡುತ್ತಾಳೆ.

ಬೆಳ್ಳಿ: ಪೂರ್ತಿ ಬಿಳಿ, ಕೆಂಪು ಕಣ್ಣು, 390 ಗ್ರಾಂ. ಬಲ ಕಂಕುಳಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು, ಹಿಡಿದರೆ ಚರ್ಮದಡಿ ಅತ್ತಿತ್ತ ಜಾರುತ್ತದೆ. ಹಿಂಗಾಲು ಎರಡೂ ಸೋತು ಎಳೆದುಕೊಂಡು ಓಡಾಡುತ್ತಾಳೆ. ಎರಡು ಹಿಮ್ಮಡಿಯಲ್ಲೂ ದುಂಡನೆಯ ಕಂದು ಹಕ್ಕಳೆ ಕಟ್ಟಿದೆ.

ಜೊತೆಗೆ ಬಂದದ್ದು ಮೂರು ಅಂತಸ್ತಿನ ಕೇಜ್. ಅಂತಸ್ತುಗಳೆಲ್ಲ ತಂತಿಯವೇ, ತಟ್ಟೆಯಲ್ಲಿ ಮರಗೆಲಸದ ಅಂಗಡಿಯ ಹೊಟ್ಟು. ನಮ್ಮಲ್ಲಿ ಮೊದಲೇ ಐದು ತಿಂಗಳ ಎರಡು ಹೆಣ್ಣಿಲಿಗಳಿವೆ. ನಾಲ್ಕನ್ನೂ ಒಟ್ಟಿಗೆ ಬಿಡಬಹುದಾ? ಯಾವ ತೊಂದರೆಗೆ ಮೊದಲು ಕೈಹಾಕಬೇಕು? ಮೆಡಿಕಲ್ ಶಾಪಿನವರು ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಸಾಕು ಅಂದರು. ಕೊಡಲಾ? ಈ ವಯಸ್ಸಿನಲ್ಲಿ ಗಂಟಿಗೆ ಆಪರೇಷನ್ ಮಾಡಿಸುವುದು ಸರಿಯಾ?

ಹಗೇವು (ಬೆಂಗಳೂರು):

ಮೊದಲು ಉಸಿರು, ಆಮೇಲೆ ನೋವು, ಆಮೇಲೆ ಹಿಮ್ಮಡಿ, ಕೊನೆಗೆ ಗಂಟು. ಕಣ್ಣಿಗೆ ದೊಡ್ಡದಾಗಿ ಕಾಣುವುದು ಗಂಟು, ಹಾಗಾಗಿ ಎಲ್ಲರೂ ಅದರ ಹಿಂದೆಯೇ ಬೀಳುತ್ತಾರೆ. ಆದರೆ ಇಲಿಯನ್ನು ಬೇಗ ಕೊಂದುಹಾಕುವುದು ಶ್ವಾಸಕೋಶ. ಕರಿತಲೆಯನ್ನು ಈ ವಾರದಲ್ಲೇ ಡಾಕ್ಟರಿಗೆ ತೋರಿಸಿ.

ನಾಲ್ಕನ್ನೂ ಒಟ್ಟಿಗೆ ಬಿಡಬೇಡಿ. ಎರಡರಿಂದ ಮೂರು ವಾರ ಬೇರೆ ಕೋಣೆ, ಬಾಗಿಲು ಮುಚ್ಚಿದ ಕೋಣೆ. ಒಂದೇ ಕೋಣೆಯಲ್ಲಿ ಎರಡು ಮೂಲೆಗೆ ಇಟ್ಟರೆ ಪ್ರಯೋಜನವಿಲ್ಲ, ಗಾಳಿ ಒಂದೇ. ದಿನವೂ ಮೊದಲು ಮರಿಗಳ ಕೆಲಸ ಮುಗಿಸಿ, ಆಮೇಲೆ ಮುದುಕಿಯರ ಕಡೆ ಹೋಗಿ. ಕೈ ಸೋಪಿನಲ್ಲಿ ತೊಳೆಯಿರಿ, ಅಂಗಿ ಬದಲಿಸಿ. ಅಕ್ಕತಂಗಿಯರನ್ನು ಮಾತ್ರ ಯಾವ ಕಾರಣಕ್ಕೂ ಬೇರೆ ಮಾಡಬೇಡಿ. ಒಂದನ್ನು ಆಸ್ಪತ್ರೆಗೆ ಒಯ್ದರೂ ಇನ್ನೊಂದು ಜೊತೆಗೇ ಹೋಗಲಿ.

ಆ ಕೇಜಿನ ಮೇಲಿನ ಎರಡು ಅಂತಸ್ತು ಇವತ್ತೇ ತೆಗೆದುಹಾಕಿ. ಕಾಲು ಸೋತ ಇಲಿಗೂ ಹತ್ತುವ ಆಸೆ ಹೋಗಿರುವುದಿಲ್ಲ. ಹತ್ತಿ ಬೀಳುತ್ತದೆ. 80 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಒಂದೇ ನೆಲ ಇಬ್ಬರಿಗೂ ಸಾಕು. ತಂತಿಯ ಮೇಲೆ ದಪ್ಪ ರಟ್ಟು ಹಾಕಬೇಡಿ, ಉಚ್ಚೆ ಹೀರಿಕೊಂಡು ಎರಡೇ ದಿನಕ್ಕೆ ನಾರುತ್ತದೆ. ಹಳೆಯ ಫ್ಲೆಕ್ಸ್ ಬ್ಯಾನರನ್ನು ಅಳತೆಗೆ ಕತ್ತರಿಸಿ ಹಾಸಿ, ಅದರ ಮೇಲೆ ನ್ಯೂಸ್‌ಪೇಪರ್ ನಾಲ್ಕು ಪದರ, ಅದರ ಮೇಲೆ ಫ್ಲೀಸ್ ಬಟ್ಟೆ ಅಥವಾ ತೊಳೆದು ತೊಳೆದು ಮೆತ್ತಗಾದ ಹಳೆ ಪಂಚೆ. ಬ್ಯಾನರಿನ ಅಂಚು ಹೊರಗೆ ಬಿಟ್ಟರೆ ಕಚ್ಚಿ ತಿನ್ನುತ್ತವೆ, ತಟ್ಟೆಯ ಅಡಿಗೆ ಮಡಚಿಬಿಡಿ. ಟರ್ಕಿ ಟವೆಲ್ ಬೇಡ, ಅದರ ಕುಣಿಕೆಗೆ ಉಗುರು ಸಿಕ್ಕಿ ಬೆರಳೇ ಕಿತ್ತುಬರುತ್ತದೆ. ಪಂಚೆಯ ಅಂಚಿನ ದಾರ ಬಿಚ್ಚಿದ್ದರೆ ಕತ್ತರಿಸಿಹಾಕಿ, ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡದೆ ಕಪ್ಪಾಗುತ್ತದೆ. ಬೀರುವಿನ ಬಟ್ಟೆಯಾದರೆ ನುಸಿಗುಳಿಗೆಯ ವಾಸನೆ ಪೂರ್ತಿ ಹೋಗುವ ತನಕ ಒಗೆದು ಬಿಸಿಲಿಗೆ ಹಾಕಿ.

ಹೊಟ್ಟು ಎಸೆದುಬಿಡಿ. ಯಾವ ಮರದ್ದೋ ಗೊತ್ತಿಲ್ಲ, ಪ್ಲೈವುಡ್ ಪುಡಿಯೂ ಸೇರಿರುತ್ತದೆ, ದೂಳು ನೇರ ಶ್ವಾಸಕೋಶಕ್ಕೆ. ಬಟ್ಟೆ ದಿನಕ್ಕೊಮ್ಮೆ ಬದಲಾಗಬೇಕು. ಉಚ್ಚೆಯಿಂದ ಏಳುವ ಅಮೋನಿಯಾ ಮೂಗಿನ ಒಳಪದರವನ್ನು ಕೆಡಿಸುತ್ತದೆ, ಇದ್ದ ಸೋಂಕು ಆಗಲೇ ಕೆಳಗಿಳಿಯುವುದು. ನಿಮ್ಮ ಮೂಗಿಗೆ ಘಾಟು ಬಡಿಯುವಷ್ಟು ಹೊತ್ತಿಗೆ, ನೆಲಕ್ಕೆ ನಾಲ್ಕು ಬೆರಳು ಎತ್ತರದಲ್ಲಿ ಉಸಿರಾಡುವ ಇಲಿಗೆ ಯಾವಾಗಲೋ ತೊಂದರೆ ಶುರುವಾಗಿರುತ್ತದೆ. ಅದೇ ಕೋಣೆಯಲ್ಲಿ ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿ, ಫಿನೈಲ್ ಯಾವುದೂ ಬೇಡ. ಕೇಜ್ ಅಡುಗೆಮನೆಯ ಪಕ್ಕದಲ್ಲಿದ್ದರೆ ಅಲ್ಲಿಂದ ತೆಗೆಯಿರಿ, ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ನಾವೇ ಕೆಮ್ಮುತ್ತೇವೆ.

ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಬೇಕೇ ಬೇಕು. ಒಂದು ಡಬ್ಬಿಯಲ್ಲಿ ಕೂರಿಸಿ, ಒಂದೇ ಹೊತ್ತಿಗೆ, ಕಾಯಿಲೆಯಿರುವಾಗ ದಿನಾ ತೂಗಿ, ಗುಣವಾದ ಮೇಲೆ ವಾರಕ್ಕೆರಡು ಸಲ. ಕರಿತಲೆ 230ರ ಹತ್ತಿರ ಬಂದರೆ ಹತ್ತರಲ್ಲೊಂದು ಪಾಲು ಇಳಿದ ಹಾಗೆ, ತಡಮಾಡುವಂತಿಲ್ಲ. ಬೆಳ್ಳಿಯ ತೂಕ ಮೋಸ ಮಾಡುತ್ತದೆ, ಗಂಟೂ ತಕ್ಕಡಿಯ ಮೇಲೆ ಕೂತಿದೆ. ಗಂಟು ಬೆಳೆಯುತ್ತಾ ತೂಕ ಹಾಗೇ ನಿಂತರೆ ಮೈ ಕರಗುತ್ತಿದೆ ಎಂದೇ ಅರ್ಥ. ಬೆನ್ನುಮೂಳೆಯ ಮೇಲೆ ಬೆರಳಾಡಿಸಿ ನೋಡಿ, ಮಣಿ ಮಣಿಯಾಗಿ ಸಿಕ್ಕರೆ ಸೊರಗಿದ್ದಾಳೆ.

ಕೊಟ್ಟಿಗೆವೈದ್ಯೆ (ಶಿವಮೊಗ್ಗ):

ಔಷಧದ ವಿಷಯ ನಾನು ಹೇಳುತ್ತೇನೆ. ನೋಡದೆ ಚೀಟಿ ಬರೆಯಲಾಗದು. ಆದರೆ ಡಾಕ್ಟರ್ ಹತ್ತಿರ ಹೋದಾಗ ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಸಾಕು ಇಲಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಬ್ಯಾಕ್ಟೀರಿಯಾವನ್ನು ಹೊತ್ತಿರುತ್ತವೆ. ಮರಿಯಿದ್ದಾಗ ತಾಯಿಯಿಂದ ಬರುತ್ತದೆ, ಸಾಯುವ ತನಕ ಹೋಗುವುದಿಲ್ಲ. ವಯಸ್ಸಾದಾಗ, ಮನೆ ಬದಲಾದಾಗ, ಗಾಳಿ ಕೆಟ್ಟಾಗ ತಲೆಯೆತ್ತುತ್ತದೆ. ಈ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯೇ ಇಲ್ಲ. ಅಮಾಕ್ಸಿಸಿಲಿನ್ ಹೊಡೆಯುವುದು ಕೋಶಭಿತ್ತಿಯನ್ನು. ಗಿನಿಪಿಗ್‌ಗೆ ಆಗುವ ಹಾಗೆ ಇಲಿಗೆ ಅದು ವಿಷವಾಗುವುದಿಲ್ಲ, ಜೊತೆಗೆ ಸೇರಿಕೊಂಡ ಬೇರೆ ಸೋಂಕಿಗೆ ಒಮ್ಮೊಮ್ಮೆ ಕೊಡುವುದೂ ಉಂಟು. ಮೂಲ ಕಾಯಿಲೆಗೆ ಮಾತ್ರ ಏನೂ ಮಾಡದು. ಒಂದು ವಾರ ಅದನ್ನೇ ಕುಡಿಸುತ್ತಾ ಕೂತರೆ ಆ ವಾರ ಹೋಯಿತು.

ಸಾಮಾನ್ಯವಾಗಿ ಬರೆಯುವುದು ಡಾಕ್ಸಿಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್, ಅಥವಾ ಎರಡೂ ಒಟ್ಟಿಗೆ. ರೂಢಿಯ ಪ್ರಮಾಣ ಡಾಕ್ಸಿ ಕಿಲೋ ತೂಕಕ್ಕೆ 5 ಮಿ.ಗ್ರಾಂ, ಎನ್ರೋ ಕಿಲೋಗೆ 10 ಮಿ.ಗ್ರಾಂ, 12 ಗಂಟೆಗೊಮ್ಮೆ. ಕರಿತಲೆಯ 255 ಗ್ರಾಂಗೆ ಹೊಂದಿಸಿದರೆ ಒಂದು ಹೊತ್ತಿಗೆ ಡಾಕ್ಸಿ ಸುಮಾರು 1.3 ಮಿ.ಗ್ರಾಂ, ಎನ್ರೋ 2.5 ಮಿ.ಗ್ರಾಂ. ಇಲಿ ನೋಡಿ ಅಭ್ಯಾಸವಿಲ್ಲದ ಡಾಕ್ಟರಾದರೂ ಕಿಲೋ ಲೆಕ್ಕ ಮುಂದಿಟ್ಟರೆ ತಾವೇ ತಾಳೆ ನೋಡಿ ಬರೆಯುತ್ತಾರೆ. ಐದು ದಿನದ ಕೋರ್ಸ್ ಸಾಲದು. ಎರಡರಿಂದ ಮೂರು ವಾರ, ಹಳೆಯ ಕಾಯಿಲೆಗೆ ಇನ್ನೂ ಹೆಚ್ಚು. ನಾಲ್ಕನೇ ದಿನ ಸದ್ದು ನಿಂತಿತೆಂದು ಬಿಟ್ಟರೆ ಮರಳಿ ಬರುತ್ತದೆ, ಬಂದಾಗ ಅದೇ ಔಷಧಿಗೆ ಬಗ್ಗದೆ ಇರಬಹುದು.

ಹಕ್ಕಿ, ಕೋಳಿಗಳಿಗೆಂದು ನೀರಿಗೆ ಕಲಸುವ ಆಂಟಿಬಯಾಟಿಕ್ ಪುಡಿ ಸಿಗುತ್ತದಲ್ಲ, ಅದನ್ನು ತರಬೇಡಿ. ಕಾಯಿಲೆಯ ಇಲಿ ನೀರೇ ಕಡಿಮೆ ಕುಡಿಯುತ್ತದೆ, ಕಹಿಯಾದರೆ ಇನ್ನೂ ಕಡಿಮೆ. ಎಷ್ಟು ಒಳಗೆ ಹೋಯಿತೆಂದು ಯಾರಿಗೂ ಗೊತ್ತಾಗದು.

ಕೆಂಪು ಅಂಟು ರಕ್ತವಲ್ಲ. ಕಣ್ಣಿನ ಹಿಂದಿನ ಹಾರ್ಡೇರಿಯನ್ ಗ್ರಂಥಿಯಿಂದ ಬರುವ ಪೋರ್ಫಿರಿನ್ ಎಂಬ ಕೆಂಪು ಬಣ್ಣದ ವಸ್ತು. ಅನುಮಾನವಿದ್ದರೆ ಒದ್ದೆ ಟಿಶ್ಯೂನಲ್ಲಿ ಒರೆಸಿ, ನೋಟು ಪರೀಕ್ಷಿಸುವ ನೀಲಿ ಟಾರ್ಚನ್ನು ಆ ಟಿಶ್ಯೂ ಮೇಲೆ ಹಿಡಿಯಿರಿ, ಗುಲಾಬಿಗೆಂಪಾಗಿ ಹೊಳೆಯುತ್ತದೆ. ಇಲಿಯ ಕಣ್ಣಿಗೆ ಆ ಟಾರ್ಚ್ ಬೇಡ. ಆರೋಗ್ಯವಾಗಿರುವ ಇಲಿ ಅದನ್ನು ಮುಂಗಾಲಿನಲ್ಲಿ ಉಜ್ಜಿ ತೆಗೆದುಬಿಡುತ್ತದೆ. ಅಂಟು ಒಣಗಿ ನಿಂತಿದೆ ಎಂದರೆ ಅದಕ್ಕೆ ಮುಖ ತೊಳೆಯುವಷ್ಟೂ ಚೈತನ್ಯವಿಲ್ಲ, ಇಲ್ಲವೇ ತುಂಬ ಗಾಬರಿಯಲ್ಲಿದೆ.

ಮನೆ ಬದಲಾದ ಮೊದಲ ವಾರ ಬರೀ ಸೀನಿದರೆ ಕಾಯಬಹುದು. ನೀವು ಹೇಳುತ್ತಿರುವ ಕಿರ್ ಕಿರ್ ಬೇರೆ. ಮಲಗಿರುವಾಗ ಪಕ್ಕೆಯ ಏರಿಳಿತವನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 70ರಿಂದ 115ರ ಒಳಗಿದ್ದರೆ ಸರಿ. ಎಣಿಕೆ ಸರಿಯಿದ್ದರೂ ಪಕ್ಕೆ ಒಳಗೆ ಸೇದಿಕೊಳ್ಳುತ್ತಿದ್ದರೆ, ಪ್ರತಿ ಉಸಿರಿಗೂ ತಲೆ ಮೇಲೆಳೆಯುತ್ತಿದ್ದರೆ, ಬಾಯಿ ತೆರೆದರೆ, ಪಾದ ತಣ್ಣಗಾಗಿ ನೀಲಿ ತಿರುಗಿದರೆ ಆ ರಾತ್ರಿಯೇ ಹೊರಡಬೇಕು. ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಡಾಕ್ಟರ್ ಮೇಜಿನ ಮೇಲೆ ಕೂರಿಸಿದ ಕೂಡಲೇ ಹೆದರಿ ಸುಮ್ಮನಾಗುತ್ತವೆ, ಏನೂ ಕೇಳಿಸುವುದಿಲ್ಲ.

ಮೈಸೂರಿನಲ್ಲಿ ಇಲಿ ನೋಡುವವರು ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ, ಆಮೇಲೆ ಹೊರಡಿ. ದಾರಿಗೆ ನೀರಿನ ಬಾಟಲ್ ಬೇಡ, ಕುಲುಕಾಟಕ್ಕೆ ಸುರಿದು ಬಟ್ಟೆ ಒದ್ದೆಯಾಗುತ್ತದೆ. ಎರಡು ತುಂಡು ಸೌತೆಕಾಯಿ ಸಾಕು.

ಗೋಣಿಚೀಲ (ದಾವಣಗೆರೆ):

ಬೆಳ್ಳಿಯ ಕಾಲಿನ ಬಗ್ಗೆ.

ಒಂದು ಮಂಡಕ್ಕಿ ಕಾಳು ಕೊಟ್ಟು ನೋಡಿ. ಎರಡೂ ಮುಂಗೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ತಿಂದರೆ ಒಳ್ಳೆಯ ಸೂಚನೆ. ಹಿಂಗಾಲಿನ ನರ ವಯಸ್ಸಿಗೆ ಸವೆದಿದೆ, ಮೇಲಿನ ಭಾಗ ಸರಿಯಿದೆ. ಕಾಳು ಕೈಯಿಂದ ಜಾರಿದರೆ, ಮುಂಗೈ ಚಾಚಿ ಸೆಟೆದುಕೊಂಡರೆ, ನೆಲದ ಮೇಲಿಟ್ಟು ಬಾಯಿಂದಲೇ ಕಚ್ಚಲು ನೋಡಿದರೆ ಮಿದುಳಿನ ಪಿಟ್ಯುಟರಿ ಗ್ರಂಥಿಯ ಗಡ್ಡೆಯ ಅನುಮಾನ ಬರಬೇಕು. ಮುದಿ ಹೆಣ್ಣಿಲಿಗಳಲ್ಲಿ ಅದು ಅಪರೂಪವೇನಲ್ಲ. ಅದಕ್ಕೆ ಕ್ಯಾಬರ್ಗೋಲಿನ್ ಅಥವಾ ಸ್ಟಿರಾಯ್ಡ್ ಕೊಟ್ಟು ಕೆಲವು ಕಾಲ ಹಿಡಿದು ನಿಲ್ಲಿಸುವುದುಂಟು, ಡಾಕ್ಟರಿಗೆ ಈ ಮಂಡಕ್ಕಿ ವಿಡಿಯೋ ತೋರಿಸಿ. ಕಾಲು ಒಂದೇ ರಾತ್ರಿಯಲ್ಲಿ ಬಿದ್ದುಹೋಗಿದ್ದರೆ ಅದು ಬೆನ್ನಿನ ಪೆಟ್ಟು ಇರಬಹುದು. ವಯಸ್ಸಿನ ಸವೆತ ವಾರಗಟ್ಟಲೆ ತೆಗೆದುಕೊಳ್ಳುತ್ತದೆ: ಮೊದಲು ನಡಿಗೆ ತೂರಾಟ, ಆಮೇಲೆ ಹಿಮ್ಮಡಿ ನೆಲಕ್ಕೆ, ಆಮೇಲೆ ಎಳೆತ. ಕೊಟ್ಟವರಿಗೆ ಫೋನ್ ಮಾಡಿ ಯಾವಾಗ ಶುರುವಾಯಿತೆಂದು ಕೇಳಿ.

ಸವೆತ ವಾಸಿಯಾಗುವುದಿಲ್ಲ. ಆದರೆ ಅದರಿಂದ ಹುಟ್ಟುವ ಸಣ್ಣ ಸಣ್ಣ ತೊಂದರೆಗಳೇ ಇಲಿಯನ್ನು ಗೋಳು ಹುಯ್ದುಕೊಳ್ಳುವುದು, ಅವಕ್ಕೆಲ್ಲ ಉಪಾಯವಿದೆ. ಹಿಂಗಾಲಿಲ್ಲದೆ ಕಿವಿ ಕೆರೆಯಲಾಗದು. ಕಿವಿಯೊಳಗೆ ಹಳದಿ ಮೇಣ ತುಂಬಿ ಒಣಗುತ್ತದೆ. ವಾರಕ್ಕೊಮ್ಮೆ ಹತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡಿ, ಕಿವಿಯ ಹೊರಮಡಿಕೆ ಮಾತ್ರ ಒರೆಸಿ, ಬಡ್ಸ್ ಕಡ್ಡಿ ಒಳಗೆ ತೂರಿಸಬೇಡಿ. ಕೆರೆಯದ ಹಿಂಗಾಲಿನ ಉಗುರು ಸವೆಯದೆ ಸುರುಳಿಯಾಗಿ ಬೆಳೆದು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ತುದಿಯ ಬಿಳಿ ಭಾಗ ಮಾತ್ರ ಕತ್ತರಿಸಿ. ಹೊಟ್ಟೆ ನೆಲಕ್ಕೆ ತಾಗುವುದರಿಂದ ಉಚ್ಚೆಯಲ್ಲಿ ತೊಡೆಸಂದಿ ಬೆಂದು ಕೂದಲುದುರುತ್ತದೆ. ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ತೆಳುವಾಗಿ ವ್ಯಾಸಲೀನ್. ಮೈತುಂಬ ಸ್ನಾನ ಮಾಡಿಸಬೇಡಿ, ಮುದಿ ಇಲಿಗೆ ಥಂಡಿ ಹಿಡಿಯುತ್ತದೆ.

ನೀರಿನ ಬಾಟಲಿಯ ನಳಿಕೆ ಅವಳು ಕೂತಾಗಿನ ಬಾಯಿ ಮಟ್ಟಕ್ಕಿರಲಿ. ಜೊತೆಗೆ ಭಾರದ ಪಿಂಗಾಣಿ ಬಟ್ಟಲಿನಲ್ಲೂ ನೀರಿಡಿ. ಇಲಿ ಸುಮಾರಾಗಿ 100 ಗ್ರಾಂ ತೂಕಕ್ಕೆ ದಿನಕ್ಕೆ 10 ಮಿ.ಲೀ. ಕುಡಿಯುತ್ತದೆ. ಇಬ್ಬರಿಗೂ ಸೇರಿ 65 ಮಿ.ಲೀ. ಆಸುಪಾಸು. ಅದರ ಎರಡರಷ್ಟು ಖಾಲಿಯಾಗುತ್ತಿದ್ದರೆ ಮೂತ್ರಪಿಂಡ ನೋಡಿಸಿ.

ಹಿಮ್ಮಡಿಯ ಹಕ್ಕಳೆಗೆ ಕಾರಣ ಮೂರು: ತಂತಿ ನೆಲ, ಒದ್ದೆ, ತೂಕ. 390 ಗ್ರಾಂ ಹೆಣ್ಣಿಲಿಗೆ ಹೆಚ್ಚೇ, ಗಂಟಿನ ತೂಕ ಕಳೆದರೂ ಹೆಚ್ಚೇ. ಹಕ್ಕಳೆ ಕೀಳಬೇಡಿ, ರಕ್ತ ಬಂದು ಗಾಯ ಇನ್ನೂ ದೊಡ್ಡದಾಗುತ್ತದೆ. ಡ್ರಿಪ್‌ಗೆ ಹಾಕುವ ಶೇ. 0.9ರ ಸಲೈನನ್ನು ಉಗುರುಬೆಚ್ಚಗೆ ಮಾಡಿ ಐದು ನಿಮಿಷ ಪಾದ ಅದ್ದಿಡಿ. ಆಮೇಲೆ ಪೊವಿಡೋನ್ ಅಯೋಡಿನ್ನನ್ನು ತಿಳಿ ಚಹಾ ಡಿಕಾಕ್ಷನ್ ಬಣ್ಣ ಬರುವಷ್ಟು ನೀರು ಮಾಡಿ ಹಚ್ಚಿ, ಒತ್ತಿ ಒಣಗಿಸಿ. ದಿನಕ್ಕೆರಡು ಸಲ. ಊತ ಹಿಮ್ಮಡಿಯಿಂದ ಮೇಲೇರಿದರೆ, ಪಾದ ಬಿಸಿಯಾದರೆ ಸೋಂಕು ಮೂಳೆಗೆ ಇಳಿಯುವ ಮೊದಲು ಆಂಟಿಬಯಾಟಿಕ್ ಬೇಕು. ಮನೆಯಲ್ಲಿ ಬಿದ್ದಿರುವ ಚರ್ಮದ ಕ್ರೀಮ್ ಹಚ್ಚಬೇಡಿ, ನಮ್ಮ ಅಂಗಡಿಗಳಲ್ಲಿ ತುರಿಕೆಗೆಂದು ಕೊಡುವ ಬಹುಪಾಲು ಕ್ರೀಮಿನಲ್ಲಿ ಸ್ಟಿರಾಯ್ಡ್ ಇರುತ್ತದೆ, ಗಾಯ ಮಾಯುವುದಿಲ್ಲ. ನೋವಿನ ಜೆಲ್ ಅಂತೂ ಮುಟ್ಟಲೇಬೇಡಿ. ಹಚ್ಚಿದ್ದೆಲ್ಲ ಎರಡು ನಿಮಿಷದಲ್ಲಿ ನೆಕ್ಕಿ ಹೊಟ್ಟೆಗೆ ಹೋಗುತ್ತದೆ.

ಕೊಟ್ಟಿಗೆವೈದ್ಯೆ (ಶಿವಮೊಗ್ಗ):

ಗೋಣಿಚೀಲ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನೋವಿಗೆ ಮೆಲಾಕ್ಸಿಕಾಂ ಕೊಡುತ್ತಾರೆ, ಇಲಿಗೆ ಕಿಲೋಗೆ 1 ಮಿ.ಗ್ರಾಂ ಎಂದರೆ ನಾಯಿಯ ಪ್ರಮಾಣಕ್ಕಿಂತ ತುಂಬ ಹೆಚ್ಚು, ಅದು ಸರಿಯೇ. ನಾಯಿಗಳಿಗೆ ಬರುವ 1.5 ಮಿ.ಗ್ರಾಂ/ಮಿ.ಲೀ. ದ್ರವದಲ್ಲಿ ಬೆಳ್ಳಿಗೆ 0.26 ಮಿ.ಲೀ. ಆಗುತ್ತದೆ. ಮನುಷ್ಯರ 15 ಮಿ.ಗ್ರಾಂ ಮಾತ್ರೆ ಮುರಿದು ಅಂದಾಜಿಗೆ ಕೊಡುವುದು ಬೇಡ. ನೀರು ಹೆಚ್ಚು ಕುಡಿಯುತ್ತಿದ್ದರೆ ಮೊದಲೇ ಹೇಳಿ, ಮೂತ್ರಪಿಂಡ ಸೋತಿದ್ದರೆ ಈ ಔಷಧಿ ಇನ್ನೂ ಕೆಡಿಸುತ್ತದೆ. ಸ್ಟಿರಾಯ್ಡ್ ಶುರುಮಾಡಿದರೆ ಮೆಲಾಕ್ಸಿಕಾಂ ನಿಲ್ಲಬೇಕು, ಎರಡೂ ಸೇರಿದರೆ ಜಠರದಲ್ಲಿ ಹುಣ್ಣು.

ಇನ್ನೊಂದು. ಹಳೆಯ ಮನೆಯಿಂದ ಬಂದ ಇಲಿಗಳು ಮೈ ಕೆರೆಯುತ್ತಿದ್ದರೆ ಹೇನು, ಉಣ್ಣಿಜಾತಿಯ ಹುಳ ಇರಬಹುದು. ಅದಕ್ಕೆ ದನಕ್ಕೆ ಹಾಕುವ ಶೇ. 1ರ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ಹಳ್ಳಿ ಕಡೆ ಧಾರಾಳವಾಗಿ ಕೊಡುತ್ತಾರೆ. ಲೆಕ್ಕ ಹಾಕಿ: ಕಿಲೋಗೆ 0.2 ಮಿ.ಗ್ರಾಂ ಅಂದರೆ 255 ಗ್ರಾಂ ಇಲಿಗೆ 0.05 ಮಿ.ಗ್ರಾಂ, ಅಂದರೆ ಆ ಬಾಟಲಿಯ 0.005 ಮಿ.ಲೀ. ಯಾವ ಸಿರಿಂಜಿನಲ್ಲೂ ಅಳೆಯಲಾಗದು. ಒಂದು ಹನಿ ಹಾಕಿದರೂ ಹತ್ತು ಪಟ್ಟು. ಬೆನ್ನಿಗೆ ಹಾಕುವ ಸೆಲಮೆಕ್ಟಿನ್ ಕೇಳಿ, ತೂಕ ನೋಡಿ ಡಾಕ್ಟರೇ ಅಳೆದು ಹಾಕಲಿ.

ಬಿಳಿಬಾಲ (ಮೈಸೂರು):

ಎಲ್ಲರಿಗೂ ತುಂಬ ಧನ್ಯವಾದ. ಡಾಕ್ಟರಿಗೆ ತೋರಿಸಿ ಬಂದೆವು. ಕರಿತಲೆಗೆ ಡಾಕ್ಸಿ ಮತ್ತು ಎನ್ರೋ ಮೂರು ವಾರಕ್ಕೆ, ಮೇಡಂ ಹೇಳಿದ ಪ್ರಮಾಣವೇ. ಬೆಳ್ಳಿಗೆ ಮೆಲಾಕ್ಸಿಕಾಂ. ಬೆಳ್ಳಿ ಮಂಡಕ್ಕಿ ಎರಡೂ ಕೈಯಲ್ಲಿ ಹಿಡಿದು ತಿಂದಳು. ಡಾಕ್ಸಿ 100 ಮಿ.ಗ್ರಾಂ ಮಾತ್ರೆ, ಎನ್ರೋ 50 ಮಿ.ಗ್ರಾಂ ಮಾತ್ರೆ ಸಿಕ್ಕಿವೆ. ಮನೆಯಲ್ಲಿ ಅತ್ತೆಯವರ ಇನ್ಸುಲಿನ್ ಸಿರಿಂಜ್ ಇವೆ, ಅದರಲ್ಲಿ ಅಳೆಯಬಹುದಾ? ರಾಗಿ ಗಂಜಿ ತುಂಬ ಇಷ್ಟಪಟ್ಟು ತಿನ್ನುತ್ತಾಳೆ, ಅದರಲ್ಲೇ ಕಲಸಿಕೊಟ್ಟರೆ ಸುಲಭ ಅನಿಸಿತು.

ಕೊಟ್ಟಿಗೆವೈದ್ಯೆ (ಶಿವಮೊಗ್ಗ):

ರಾಗಿ ಗಂಜಿಯಲ್ಲಿ ಬೇಡವೇ ಬೇಡ. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಡಾಕ್ಸಿಯೂ ಎನ್ರೋ ಕೂಡ ಹೊಟ್ಟೆಯಲ್ಲಿ ಕ್ಯಾಲ್ಸಿಯಂಗೆ ಅಂಟಿಕೊಂಡು ರಕ್ತ ಸೇರದೆ ಹಿಕ್ಕೆಯಲ್ಲಿ ಹೊರಗೆ ಹೋಗುತ್ತವೆ. ಹಾಲು, ಮೊಸರು, ಪನೀರ್, ಹಾಲಿನ ಪುಡಿಯಿರುವ ಮಕ್ಕಳ ಆಹಾರ, ಎಲ್ಲಕ್ಕೂ ಇದೇ ಮಾತು. ಔಷಧಿಗೆ ಎರಡು ಗಂಟೆ ಮುಂಚೆ, ಎರಡು ಗಂಟೆ ನಂತರ ಇವು ಯಾವುದೂ ಬೇಡ. ಮಿಕ್ಕ ಹೊತ್ತಿನಲ್ಲಿ ಗಂಜಿ ಕೊಡಿ, ಮೈ ಹಿಡಿಯುತ್ತದೆ. ಔಷಧಿ ಕಲಸಲು ಕಿವುಚಿದ ಪುಟ್ಟಬಾಳೆ ಅರ್ಧ ಚಮಚ ಸಾಕು. ಮೊದಲು ಔಷಧಿಯಿಲ್ಲದ ಒಂದು ಬೆರಳು ಬಾಳೆ ನೆಕ್ಕಿಸಿ, ನಂತರ ಔಷಧಿಯದ್ದು, ನಂತರ ಮತ್ತೆ ಬರೀ ಬಾಳೆ. ಎನ್ರೋ ವಿಪರೀತ ಕಹಿ, ಒಮ್ಮೆ ಅನುಮಾನ ಬಂದರೆ ಬಾಳೆಹಣ್ಣನ್ನೇ ಬಿಟ್ಟುಬಿಡುತ್ತವೆ. ಆಗ ಜೇನು.

ಡಾಕ್ಸಿ ಮಾತ್ರೆಯನ್ನು ನುಣ್ಣಗೆ ಅರೆದು ಸಕ್ಕರೆ ಪಾಕದಲ್ಲಿ ಕಲಸಿ ಒಟ್ಟು 10 ಮಿ.ಲೀ. ಮಾಡಿದರೆ ಮಿ.ಲೀ.ಗೆ 10 ಮಿ.ಗ್ರಾಂ. ಕರಿತಲೆಗೆ 0.13 ಮಿ.ಲೀ. ಎನ್ರೋ ಮಾತ್ರೆಯನ್ನು ಒಟ್ಟು 5 ಮಿ.ಲೀ. ಮಾಡಿದರೆ ಅದೂ ಮಿ.ಲೀ.ಗೆ 10 ಮಿ.ಗ್ರಾಂ, ಅವಳಿಗೆ 0.25 ಮಿ.ಲೀ. ಪಾಕ ಪೂರ್ತಿ ಆರಿರಬೇಕು. ಎರಡೂ ಬೇರೆ ಬೇರೆ ಬಾಟಲಿ, ಪ್ರತಿ ಸಲ ಚೆನ್ನಾಗಿ ಕುಲುಕಿ, ಪುಡಿ ತಳದಲ್ಲಿ ಕೂರುತ್ತದೆ. ಡಾಕ್ಸಿ ಬೆಳಕಿಗೆ ಕೆಡುತ್ತದೆ, ಕಂದು ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. ಏಳು ದಿನಕ್ಕೆ ಚೆಲ್ಲಿ ಹೊಸದು ಮಾಡಿ, ಕಲಸಿಟ್ಟ ಡಾಕ್ಸಿಯ ಶಕ್ತಿ ಅದಕ್ಕಿಂತ ಹೆಚ್ಚು ದಿನ ನಿಲ್ಲುವುದಿಲ್ಲ. ಮಾತ್ರೆ ಅಗ್ಗ, ಜೀವ ಹಿಡಿದುಕೊಂಡು ಉಳಿಸುವಂಥದ್ದೇನಲ್ಲ.

ಹಗೇವು (ಬೆಂಗಳೂರು):

ಸಿರಿಂಜ್ ವಿಷಯದಲ್ಲಿ ಜೋಪಾನ. ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಸಿಗುತ್ತವೆ. ಯು-40ರಲ್ಲಿ 40 ಯೂನಿಟ್ ಅಂದರೆ 1 ಮಿ.ಲೀ., ಯು-100ರಲ್ಲಿ 100 ಯೂನಿಟ್ ಅಂದರೆ 1 ಮಿ.ಲೀ. ಎರಡನೆಯದರಲ್ಲಿ 0.13 ಮಿ.ಲೀ. ಅಂದರೆ 13 ಯೂನಿಟ್. ಅದೇ 13 ಯೂನಿಟ್ಟನ್ನು ಯು-40ರಲ್ಲಿ ತೆಗೆದುಕೊಂಡರೆ 0.33 ಮಿ.ಲೀ., ಎರಡೂವರೆ ಪಟ್ಟು ಔಷಧಿ. ಸಾಲದ್ದಕ್ಕೆ ಬಹಳಷ್ಟರಲ್ಲಿ ಸೂಜಿ ಕಳಚುವುದೇ ಇಲ್ಲ. ಮೆಡಿಕಲ್ಲಿನಲ್ಲಿ 1 ಮಿ.ಲೀ. ಟ್ಯೂಬರ್‌ಕ್ಯುಲಿನ್ ಸಿರಿಂಜ್ ಕೇಳಿ, ಅದರಲ್ಲಿ 0.01 ಮಿ.ಲೀ. ತನಕ ಗೆರೆ ಇರುತ್ತದೆ. ಸೂಜಿ ಕಳಚಿ ಎಸೆಯಿರಿ.

ಬಾಯಿಗೆ ನೇರ ಹಾಕಬೇಕಾಗಿ ಬಂದರೆ ಮುಂಭಾಗದಿಂದ ಅಲ್ಲ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಬರಿದಾದ ಜಾಗವಿದೆ, ಕೆನ್ನೆಯ ಪಕ್ಕದಿಂದ ಅಲ್ಲಿಗೆ ತುದಿ ಇಟ್ಟು ಹನಿ ಹನಿಯಾಗಿ ಬಿಡಿ, ನುಂಗಿದ್ದು ಕಂಡ ಮೇಲೆ ಮುಂದಿನ ಹನಿ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಮೂಗಿಗೆ ಹೋದರೆ ಮೊದಲೇ ಕೆಟ್ಟಿರುವ ಶ್ವಾಸಕೋಶಕ್ಕೆ ಅದೂ ಸೇರುತ್ತದೆ. ಅಂಗಾತ ಮಲಗಿಸಿ ಕುಡಿಸಬೇಡಿ.

ಊಟ: ಇಬ್ಬರಿಗೂ ಸೇರಿ ದಿನಕ್ಕೆ ಒಣ ತೂಕ 30 ಗ್ರಾಂ ಸುಮಾರು. ಕುಚ್ಚಲಕ್ಕಿ ಅನ್ನ, ನೆನೆಸಿದ ಅವಲಕ್ಕಿ, ಬೇಯಿಸಿದ ಹೆಸರುಬೇಳೆ ಸ್ವಲ್ಪ, ಬೇಯಿಸಿದ ಕುಂಬಳ, ಸೊಪ್ಪು, ವಾರಕ್ಕೆ ಎರಡು ಸಲ ಬೇಯಿಸಿದ ಮೊಟ್ಟೆಯ ಒಂದು ಚಮಚ. ಉಪ್ಪು, ಖಾರ, ಎಣ್ಣೆ ಇಲ್ಲದೆ. ಈ ವಯಸ್ಸಿಗೆ ಪ್ರೋಟೀನ್ ಜಾಸ್ತಿ ತುಂಬಿಸಿದರೆ ಮೂತ್ರಪಿಂಡಕ್ಕೆ ಭಾರ. ಕಡಲೆಕಾಯಿ ದಿನಕ್ಕೆ ಒಂದು ಬೀಜ, ಅದೂ ಕರಿತಲೆಗೆ ಮಾತ್ರ. ಬೂಷ್ಟಿನ ವಾಸನೆ ಬಂದ ಕಡಲೆಕಾಯಿ ಇಡೀ ಪೊಟ್ಟಣ ಎಸೆಯಿರಿ, ಅದರ ಅಫ್ಲಾಟಾಕ್ಸಿನ್ ಇಲಿಯ ಯಕೃತ್ತಿಗೆ ವಿಷ. ಕರಿತಲೆ ಗಟ್ಟಿ ಕಾಳು ಬಿಡುವುದಕ್ಕೆ ಹಲ್ಲೂ ನೋಡಿ. ಬಾಚಿಹಲ್ಲು ಹಳದಿ-ಕಿತ್ತಳೆ ಇರುವುದೇ ಸರಿ, ಕೆಳಗಿನವು ಮೇಲಿನವಕ್ಕಿಂತ ಉದ್ದ ಇರುವುದೂ ಸರಿ. ಓರೆಯಾಗಿ ಒಂದನ್ನೊಂದು ದಾಟಿದ್ದರೆ ಡಾಕ್ಟರೇ ಕತ್ತರಿಸಲಿ.

ಮನೆಯಲ್ಲಿ ಬೀದಿ ಇಲಿ ಓಡಾಟ ಇದ್ದರೆ ಊಟದ ಡಬ್ಬಿ ಮುಚ್ಚಿಡಿ. ಇಲಿ ಜ್ವರ ಬರುವುದು ಅವುಗಳ ಉಚ್ಚೆಯಿಂದ, ಸಾಕು ಇಲಿಗೂ ತಗಲುತ್ತದೆ, ಅಲ್ಲಿಂದ ನಮಗೂ. ಕೇಜ್ ತೊಳೆಯುವಾಗ ಕೈಯಲ್ಲಿ ಗಾಯವಿದ್ದರೆ ಗ್ಲೌಸ್. ಇಲಿ ಪಾಷಾಣದ ಕೇಕ್ ಮನೆಯ ಯಾವ ಮೂಲೆಯಲ್ಲೂ ಬೇಡ.

ಬಿಳಿಬಾಲ (ಮೈಸೂರು):

ಸರ್, ಮೇಡಂ, ಇನ್ನೆರಡು. ಗಂಟಿನ ಬಗ್ಗೆ ಡಾಕ್ಟರ್ ನಿರ್ಧಾರ ನಮಗೇ ಬಿಟ್ಟಿದ್ದಾರೆ. ಮಗನ ನೆಬುಲೈಸರ್ ಇದೆ, ಕರಿತಲೆಗೆ ಉಪಯೋಗ ಆಗುತ್ತದಾ?

ಗೋಣಿಚೀಲ (ದಾವಣಗೆರೆ):

ಗಂಟಿಗೆ ಆಪರೇಷನ್ ಬೇಡ ಅನ್ನುವುದು ನನ್ನ ಮಾತು. ವಯಸ್ಸು ಎರಡು ಸಮೀಪಿಸಿದೆ, ಇಲಿಯ ಆಯಸ್ಸೇ ಎರಡರಿಂದ ಮೂರು ವರ್ಷ. ಒಂದು ತೆಗೆದರೆ ಇನ್ನೊಂದು ಬರುತ್ತದೆ, ಹೆಣ್ಣಿಲಿಯ ಮೊಲೆಯ ಅಂಗಾಂಶ ಕುತ್ತಿಗೆಯಿಂದ ತೊಡೆಸಂದಿಯ ತನಕ ಹರಡಿದೆ.

ಕೊಟ್ಟಿಗೆವೈದ್ಯೆ (ಶಿವಮೊಗ್ಗ):

ನಾನು ಅಷ್ಟು ಖಡಾಖಂಡಿತವಾಗಿ ಹೇಳಲಾರೆ. ಜಾರಾಡುವ ಗಂಟು ಬಹುತೇಕ ಫೈಬ್ರೋಅಡಿನೋಮಾ, ಅಂದರೆ ಕ್ಯಾನ್ಸರಲ್ಲದ ಮೊಲೆಯ ಗಡ್ಡೆ, ಬೇರೆ ಅಂಗಕ್ಕೆ ಹಬ್ಬದು. ಆದರೆ ಬೆಳೆಯುವುದು ನಿಲ್ಲಿಸದು, ಕಂಕುಳಲ್ಲಿ ನಿಂಬೆಹಣ್ಣಿನಷ್ಟಾದರೆ ಮುಂಗಾಲು ಎತ್ತಲಾಗದು. ಹಿಂಗಾಲು ಮೊದಲೇ ಹೋಗಿರುವ ಬೆಳ್ಳಿಗೆ ಇರುವುದು ಮುಂಗಾಲೊಂದೇ. ಅದಕ್ಕೇ ಇವಳ ವಿಷಯದಲ್ಲಿ ವಯಸ್ಸಿಗಿಂತ ಗಂಟಿನ ಜಾಗ ಮುಖ್ಯ. ವಾರಕ್ಕೊಮ್ಮೆ ಉದ್ದ, ಅಗಲ ಅಳೆದು ಬರೆಯಿರಿ. ಮೂರು ವಾರದಲ್ಲಿ ಅಷ್ಟೇ ಇದ್ದರೆ ಬಿಡಿ. ಓಟದಲ್ಲಿ ಬೆಳೆಯುತ್ತಿದ್ದರೆ, ಉಸಿರು ಸ್ವಚ್ಛವಾಗಿದ್ದರೆ, ಇನ್ನೂ ಚಿಕ್ಕದಿರುವಾಗಲೇ ತೆಗೆಸುವುದು ಮೇಲು. ಗಟ್ಟಿಯಾಗಿ ಕೆಳಗೆ ಅಂಟಿಕೊಂಡಿದ್ದರೆ ಅಥವಾ ಮೇಲಿನ ಚರ್ಮ ಒಡೆದರೆ ಲೆಕ್ಕ ಬೇರೆ. ಒಂದೇ ವಾರದಲ್ಲಿ ಹುಟ್ಟಿ ಬಿಸಿಯಾಗಿದ್ದರೆ ಅದು ಕೀವಿನ ಗಂಟು, ಹಿಸುಕಬೇಡಿ.

ಮಾಡಿಸುವುದಾದರೆ ಮೂರು ವಿಷಯ ಮುಂಚೆಯೇ ಕೇಳಿ. ಅರಿವಳಿಕೆಗೆ ಐಸೋಫ್ಲುರೇನ್ ಗ್ಯಾಸ್ ಇದೆಯಾ, ಬರೀ ಇಂಜೆಕ್ಷನ್ನಾ? ಗ್ಯಾಸ್ ಆದರೆ ನಿಲ್ಲಿಸಿದ ಕೆಲವೇ ನಿಮಿಷಕ್ಕೆ ಏಳುತ್ತದೆ, ಮುದಿ ಇಲಿಗೆ ಅದೇ ಕ್ಷೇಮ. ರಾತ್ರಿಯಿಂದ ಉಪವಾಸ ಹಾಕಿ ಅಂದರೆ ಒಪ್ಪಬೇಡಿ, ವಾಂತಿಯೇ ಮಾಡದ ಪ್ರಾಣಿಗೆ ಉಪವಾಸದಿಂದ ಲಾಭವಿಲ್ಲ, ರಕ್ತದ ಸಕ್ಕರೆ ಕುಸಿಯುತ್ತದೆ. ಹೊಲಿಗೆ ಚರ್ಮದ ಒಳಗೇ ಅಡಗುವ ಹಾಗೆ ಹಾಕಿ, ಮೇಲೆ ಅಂಟು ಹಚ್ಚಲು ಹೇಳಿ. ಹೊರಗೆ ಕಂಡ ದಾರವನ್ನು ಮನೆ ಸೇರುವ ಮೊದಲೇ ಕಚ್ಚಿ ಕಿತ್ತಿರುತ್ತದೆ. ಎದ್ದ ಮೇಲೆ ಮೈ ಬೆಚ್ಚಗಿರಲು ಬಿಸಿನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಒಂದು ಮಗ್ಗುಲಿಗೆ ಇಡಿ, ಸೆಕೆಯಾದರೆ ಸರಿದುಹೋಗಲು ಜಾಗ ಇರಲಿ.

ಮರಿಗಳ ಜೊತೆ ಸೇರಿಸುವುದು ಆಮೇಲಿನ ಮಾತು. ಮೈಮೇಲೆ ಕುಣಿಯುವ ಐದು ತಿಂಗಳಿನವು ಬೆಳ್ಳಿಗೆ ಬೇಡ ಅನಿಸುತ್ತದೆ.

ಹಗೇವು (ಬೆಂಗಳೂರು):

ನೆಬುಲೈಸರ್ ಚೆನ್ನಾಗಿ ಆಗುತ್ತದೆ. ಮುಖಕ್ಕೆ ಮಾಸ್ಕ್ ಹಿಡಿಯುವುದು ಬೇಡ, ಹೆದರಿ ಒದ್ದಾಡಿದರೆ ಉಸಿರು ಇನ್ನೂ ಕೆಡುತ್ತದೆ. ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಪೈಪ್ ಹಿಡಿಯುವಷ್ಟು ಒಂದು ತೂತು, ಎದುರು ಬದಿಗೆ ಗಾಳಿಗೆ ಐದಾರು ಸಣ್ಣ ತೂತು. ಒಳಗೆ ಪಂಚೆಯ ತುಂಡು ಹಾಸಿ ಇಬ್ಬರನ್ನೂ ಕೂರಿಸಿ. ಕಪ್ಪಿಗೆ ಬರೀ ಶೇ. 0.9 ಸಲೈನ್ 3 ಮಿ.ಲೀ., ದಿನಕ್ಕೆರಡು ಸಲ, ಸಲಕ್ಕೆ 10 ನಿಮಿಷ. ಮಗನ ಔಷಧಿಯ ಆಂಪ್ಯೂಲ್ ಮಿಕ್ಕಿದ್ದರೆ ಅದನ್ನು ಹಾಕಬೇಡಿ, ಡಾಕ್ಟರ್ ಬರೆದರೆ ಮಾತ್ರ. ಕುದಿಯುವ ನೀರಿನ ಹಬೆ ಬೇಡವೇ ಬೇಡ, ಇಲಿಗೆ ಬೆವರು ಬರುವುದಿಲ್ಲ, ಮೈಶಾಖ ಇಳಿಯುವುದು ಬಾಲದಿಂದ. ಡಬ್ಬಿಯೊಳಗೆ ಬಾಲ ಬಿಸಿಯಾಗಿ, ಬಾಯಲ್ಲಿ ಜೊಲ್ಲು ಬಂದರೆ ತಕ್ಷಣ ಹೊರಗೆ ತೆಗೆದು ಬಾಲ ಮತ್ತು ಪಾದವನ್ನು ಸಾಧಾರಣ ನೀರಿನಲ್ಲಿ ಒದ್ದೆ ಮಾಡಿ, ಐಸ್ ನೀರು ಬೇಡ.

ಕಪ್ ಪ್ರತಿ ಸಲ ತೊಳೆದು ಒಣಗಿಸಿ, ಮಗನಿಗೆ ಬೇರೆ ಕಪ್ ಇಡಿ.